ಕೂದಲಿನ ಲೆಕ್ಕ, ಕಲೆಯ ಲೆಕ್ಕ

ಮದುವೆ ಸೀಸನ್ ಬಂತೆಂದರೆ ಕಾರವಾರ, ಅಂಕೋಲೆಯ ಬ್ಯೂಟಿ ಪಾರ್ಲರ್‌ಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ಹುಬ್ಬು, ಅಪ್ಪರ್‌ಲಿಪ್, ಗಲ್ಲ ಎಂದು ಒಂದೇ ಉಸಿರಿಗೆ ಹೇಳಿ ಕಣ್ಣು ಮುಚ್ಚುವವರು ಕೇಳುವುದು ಒಂದೇ ಮಾತು: ಎಷ್ಟು ದಿನ ಬರದೇ ಇರ್ತದೆ? ನನ್ನ ತಕರಾರು ಈ ಪ್ರಶ್ನೆಯ ಮೇಲೇ. ನಮ್ಮ ಕಂದು ಚರ್ಮ ಸಣ್ಣ ಉರಿಗೂ ಕಪ್ಪುಗಟ್ಟುತ್ತದೆ. ಕಿತ್ತ ಕೂದಲು ಕೆಲವೇ ವಾರಗಳಲ್ಲಿ ಮತ್ತೆ ಬಂದೀತು. ಕಿತ್ತ ಜಾಗದ ಕಲೆ ತಿಂಗಳುಗಟ್ಟಲೆ ಕೂತೀತು. ವಿಧಾನವನ್ನು ತೂಗಬೇಕಾದ್ದು ಕಲೆಯ ಲೆಕ್ಕದಲ್ಲಿ.

ಹಾಗೆ ತೂಗಿದರೆ ಥ್ರೆಡಿಂಗ್‌ಗೆ ಒಳ್ಳೆಯ ಅಂಕವೇ ಬರುತ್ತದೆ. ನೂಲಿನ ಒಂದು ತುದಿ ಹಲ್ಲಲ್ಲಿ, ಉಳಿದದ್ದು ಎರಡೂ ಕೈಬೆರಳುಗಳಲ್ಲಿ. ನಡುವಿನ ತಿರುಚು ತುಟಿಯ ಮೇಲೆ ಚರಚರ ಓಡುತ್ತದೆ, ಪೌಡರ್ ಹಚ್ಚಿದ ಜಾಗ ಕೆಂಪಾಗುತ್ತದೆ, ಕಣ್ಣಲ್ಲಿ ನೀರು. ಅಷ್ಟರಲ್ಲಿ ಮುಗಿಯಿತು. ಸುಡುವುದಿಲ್ಲ, ಸಿಪ್ಪೆ ಏಳುವುದಿಲ್ಲ, ರಾಸಾಯನಿಕದ ಹಂಗಿಲ್ಲ. ಕೊರತೆ ಇರುವುದು ಆ ಹಲ್ಲಿನಲ್ಲಿ. ಥ್ರೆಡಿಂಗ್‌ನಿಂದ ನರಹುಲಿ ಅಂಟಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹಲ್ಲಿನ ಬದಲು ನೂಲನ್ನು ಕುತ್ತಿಗೆಗೆ ಕಟ್ಟಿಕೊಂಡು ಮಾಡುವವರೂ ಇದ್ದಾರೆ. ಹೊಸ ನೂಲು, ತೊಳೆದ ಕೈ ಕೇಳುವುದಕ್ಕೆ ಸಂಕೋಚವೇಕೆ?

ವ್ಯಾಕ್ಸ್ ಕೈಕಾಲಿಗಿರಲಿ. ಮೊಡವೆಗೆಂದು ರೆಟಿನಾಯ್ಡ್ ಕ್ರೀಮ್ ಹಚ್ಚುವವರ ತುಟಿಯ ಮೇಲೆ ಅದನ್ನೆಳೆದರೆ ಕೂದಲಿನ ಜೊತೆ ಚರ್ಮವೂ ಎದ್ದು ಬರುತ್ತದೆ. ಬ್ಲೀಚ್ ಕೂದಲು ತೆಗೆಯುವುದೇ ಇಲ್ಲ, ಬಣ್ಣ ಕೆಡಿಸುತ್ತದೆ. ಟ್ಯಾಗೋರ್ ಬೀಚಿನ ಸಂಜೆ ಬಿಸಿಲಲ್ಲಿ ಕಂದು ಕೆನ್ನೆಯ ಮೇಲಿನ ಆ ಹೊಂಬಣ್ಣದ ರೋಮ ಮೊದಲಿಗಿಂತ ಹೆಚ್ಚು ಕಾಣುತ್ತದೆಂದು ಯಾರೂ ಹೇಳುವುದಿಲ್ಲ, ಪಾಪ. ಅರಿಶಿನ, ಕಡಲೆಹಿಟ್ಟು ಉಜ್ಜಿದರೆ ಮುಖಕ್ಕೆ ಹೊಳಪು ಬಂದೀತು; ಬೇರಿಗೆ ಏನೂ ಆಗುವುದಿಲ್ಲ.

ಅನ್ಯಾಯವಾಗಿರುವುದು ರೇಜರ್‌ಗೆ. ಬೋಳಿಸಿದರೆ ಗಂಡಸರ ಹಾಗೆ ದಪ್ಪ ಮೀಸೆ ಬರುತ್ತದೆಂದು ಮನೆಮನೆಯಲ್ಲೂ ಹೆದರಿಸುತ್ತಾರೆ. ಅಮೆರಿಕದ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳತೆ ಮಾಡಿ, ಬೋಳಿಸುವುದರಿಂದ ಕೂದಲು ದಪ್ಪವೂ ಆಗದು, ಬೇಗವೂ ಬೆಳೆಯದು ಎಂದು ತೋರಿಸಿದ್ದರು. ಚೂಪಾಗಿದ್ದ ತುದಿ ಮೊಂಡಾಗುವುದರಿಂದ ಕೈಗೆ ಒರಟು ಹತ್ತುತ್ತದೆ, ಅಷ್ಟೇ. ಕೆನ್ನೆಯ ನವಿರು ರೋಮಕ್ಕೆ ಹೊಸ ಬ್ಲೇಡಿನಷ್ಟು ಕಡಿಮೆ ಗಾಸಿ ಮಾಡುವುದು ಬೇರೊಂದಿಲ್ಲ. ಗಲ್ಲದ ಗಡಸು, ಗುಂಗುರು ಕೂದಲಿಗೆ ಮಾತ್ರ ಎಚ್ಚರ: ಅದು ಒಳಮುಖ ಬೆಳೆದು ಗುಳ್ಳೆಯಾದೀತು.

ಇನ್ನು ಲೇಸರ್. ‘ಶಾಶ್ವತ’ ಎಂಬ ಪದವನ್ನು ಅದರ ಜಾಹೀರಾತುಗಳು ಧಾರಾಳವಾಗಿ ಖರ್ಚು ಮಾಡುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ಒಪ್ಪಿರುವುದು ಕೂದಲು ‘ಶಾಶ್ವತವಾಗಿ ಕಡಿಮೆಯಾಗುತ್ತದೆ’ ಎನ್ನುವಷ್ಟನ್ನು, ‘ಪೂರ್ತಿ ಹೋಗುತ್ತದೆ’ ಎನ್ನುವುದನ್ನಲ್ಲ. ಲೇಸರ್ ಹುಡುಕುವುದು ಕಪ್ಪು ಬಣ್ಣವನ್ನು. ಚರ್ಮವೇ ಕಪ್ಪಿದ್ದರೆ ಅದೂ ಸುಟ್ಟೀತು. ಅದಕ್ಕೇ ನಮ್ಮಂಥವರಿಗೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಸುರಕ್ಷಿತ ಎನ್ನುತ್ತಾರೆ. ಯಂತ್ರ ಯಾವುದೆಂದು ಕೇಳಿದರೆ ಉತ್ತರಿಸಲು ತಡವರಿಸುವ ಕಡೆ ಮುಖ ಒಡ್ಡಬಾರದು. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಂದು ಸಿಟ್ಟಿಂಗ್‌ನಂತೆ ಆರೆಂಟು ಸಲ ಹೋಗಬೇಕು. ಅದಕ್ಕೆಂದು ಮಡಗಾಂವ್‌ಗೋ ಹುಬ್ಬಳ್ಳಿಗೋ ಬಸ್ಸು ಹತ್ತುವವರು ಆ ಖರ್ಚನ್ನೂ ಸೇರಿಸಿಕೊಳ್ಳಲಿ. ಜೊತೆಗೆ ವಾರಗಟ್ಟಲೆ ಬಿಸಿಲು ತಾಗಬಾರದು. ಬುಟ್ಟಿ ಹೊತ್ತು ಮೀನು ಮಾರುವವಳಿಗೆ, ಗದ್ದೆಯಲ್ಲಿ ನೆಟ್ಟಿ ಮಾಡುವವಳಿಗೆ ಇದನ್ನು ಹೇಳುವುದು ಹೇಗೆ? ಕೆನ್ನೆಯ ನವಿರು ರೋಮಕ್ಕೆ ಲೇಸರ್ ಹಾಯಿಸಿ ಅದೇ ದಪ್ಪಗಾದದ್ದೂ ಉಂಟು. ಇದಕ್ಕೆ ವೈದ್ಯರಲ್ಲಿ ಹೆಸರೇ ಇದೆ.

ಗಲ್ಲ, ದವಡೆಯ ಕೂದಲು ಇದ್ದಕ್ಕಿದ್ದಂತೆ ಗಡಸಾಗಿ, ಮುಟ್ಟೂ ಏರುಪೇರಾಗಿದ್ದರೆ ಪಾರ್ಲರ್‌ಗಿಂತ ಮೊದಲು ಕಾರವಾರದ ಕ್ರಿಮ್ಸ್ ಆಸ್ಪತ್ರೆಯ ಓಪಿಡಿ ಚೀಟಿ ಮಾಡಿಸುವುದೇ ಸರಿ. ಅಂಡಾಶಯದ ತೊಂದರೆ ಪಿಸಿಒಡಿ ಇದ್ದರೆ ಒಳಗಿನ ಹಾರ್ಮೋನು ಹೊಸ ಕೂದಲು ತರುತ್ತಲೇ ಇರುತ್ತದೆ, ಅದಕ್ಕೆ ಮದ್ದಿಲ್ಲದೆ ಲೇಸರ್ ದುಡ್ಡು ನೀರುಪಾಲಾದೀತು. ವೈದ್ಯರು ಕೊಡುವ ಮಾತ್ರೆಯ ಗುಣ ಮುಖದಲ್ಲಿ ಕಾಣಲು ಆರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ನೂಲೋ, ಎಚ್ಚರದಿಂದ ಬ್ಲೇಡೋ ಸಾಕು.

ಐವತ್ತು ದಾಟಿದವರ ಗಲ್ಲದಲ್ಲಿ ಏಳುವ ನಾಲ್ಕೈದು ಬಿಳಿ ಕೂದಲನ್ನು ಲೇಸರ್ ಗುರುತಿಸುವುದೇ ಇಲ್ಲ. ಒಂದೊಂದೇ ಬೇರಿಗೆ ಸೂಜಿ ಇಳಿಸಿ ಕರೆಂಟು ಹಾಯಿಸುವ ಎಲೆಕ್ಟ್ರೋಲಿಸಿಸ್‌ಗೆ ಬಣ್ಣದ ಹಂಗಿಲ್ಲ. ತಾಳ್ಮೆ ಇರುವ ಕೈ ಸಿಕ್ಕರೆ ಅದು. ಇಲ್ಲದಿದ್ದರೆ ಕಿಟಕಿ ಬೆಳಕಲ್ಲಿ ಒಂದು ಕನ್ನಡಿ, ಒಂದು ಚಿಮಟ.