ಲಿವರ್ ಮುಟ್ಟದಾಗ ಆಯಿಲ್ ಎಲ್ಲಿಗೆ ಹೋಗುತ್ತದೆ?

ಹಳೇ ಟ್ರಾಕ್ಟರಿಗೆ ಟಿಪ್ಪಿಂಗ್ ಟ್ರೈಲರ್ ಹಾಕಬೇಕೆಂದು ಹೊರಟವರು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಿ ಎರಡೇ ಮಾತು ಕೇಳುತ್ತಾರೆ: ಎಷ್ಟು ಲಿವರಿನ ವಾಲ್ವಿದೆ, ರೇಟೆಷ್ಟು? ಅಂಗಡಿಯವರೂ ಅಷ್ಟಕ್ಕೇ ಉತ್ತರ ಕೊಟ್ಟು ಡಬ್ಬ ಕೈಗಿಡುತ್ತಾರೆ. ಮೊದಲು ತಿಳಿಯಬೇಕಾದದ್ದು ಬೇರೆ. ಲಿವರನ್ನು ಯಾರೂ ಮುಟ್ಟದೆ ಬಿಟ್ಟಾಗ ಪಂಪಿನಿಂದ ಬಂದ ಆಯಿಲ್ ಎಲ್ಲಿಗೆ ಹೋಗಬೇಕು? ಅದನ್ನು ಹೇಳುವುದು ವಾಲ್ವಿನ ಡಬ್ಬವಲ್ಲ, ನಿಮ್ಮ ಗಾಡಿಯ ಪಂಪು.

ಈ ಲೆಕ್ಕದಲ್ಲಿ ನಮ್ಮ ಕಡೆಯ ಹಳೇ ಗಾಡಿಗಳಲ್ಲಿ ಎರಡು ಜಾತಿ. ಒಂದು, ಗೇರ್ ಪಂಪಿನವು. ಬೆಂಗಳೂರಿನ ಎಚ್‌ಎಂಟಿ 1971ರಿಂದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ನೆರವಿನಿಂದ ಮಾಡಿದ ಗಾಡಿಗಳು ಈ ಗುಂಪಿನವು. ಆ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಗಾಡಿಗಳು ಮಾತ್ರ ಇನ್ನೂ ದುಡಿಯುತ್ತಿವೆ. ಗೇರ್ ಪಂಪಿಗೆ ಬೇಕು ಬೇಡ ಗೊತ್ತಿಲ್ಲ. ಅದು ತಿರುಗುವಷ್ಟು ಹೊತ್ತೂ ಆಯಿಲ್ ತಳ್ಳುತ್ತಲೇ ಇರುತ್ತದೆ. ಆದ್ದರಿಂದ ಲಿವರಿನ ಜೊತೆ ವಾಲ್ವಿನೊಳಗೆ ಸರಿಯುವ ದಂಡ, ಅಂದರೆ ಸ್ಪೂಲ್, ನಡುವೆ ನಿಂತಾಗ ಆಯಿಲ್ ಸಲೀಸಾಗಿ ದಾಟಿ ಹೋಗುವ ಓಪನ್ ಸೆಂಟರ್ ವಾಲ್ವೇ ಬೇಕು. ನಡುವೆ ಹಾದಿ ಮುಚ್ಚುವ ಕ್ಲೋಸ್ಡ್ ಸೆಂಟರ್ ಕೂರಿಸಿದರೆ, ಮಿತಿಮೀರಿದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ಇಡೀ ದಿನ ಕಿರುಚುತ್ತದೆ. 150 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 15 ಲೀಟರ್ ಹಾಗೆ ಹೊರಬಿದ್ದರೆ ಸುಮಾರು ಐದು ಅಶ್ವಶಕ್ತಿ ಬರೀ ಆಯಿಲ್ ಕಾಯಿಸುವುದಕ್ಕೆ ಹೋಯಿತು. ಡೀಸೆಲ್ ನಿಮ್ಮದು.

ಇಲ್ಲೇ ಇನ್ನೊಂದು ತೊಡಕು. ಹೊಸ ವಾಲ್ವನ್ನು ಪಂಪಿಗೂ ನೇಗಿಲು ಎತ್ತುವ ಲಿಫ್ಟಿಗೂ ನಡುವೆ ಕೂರಿಸಿದರೆ, ಅದನ್ನು ದಾಟಿದ ಆಯಿಲ್ ಮುಂದೆ ಲಿಫ್ಟಿಗೂ ಸಿಗಬೇಕಲ್ಲ? ಅದಕ್ಕೆ ಕ್ಯಾರಿ ಓವರ್ ಪೋರ್ಟ್ ಇರುವ ವಾಲ್ವ್ ಕೇಳಿ ತಗೊಳ್ಳಿ. ಎಷ್ಟೋ ಜನ ಟ್ಯಾಂಕಿಗೆ ಹೋಗುವ ತೂತಿನಿಂದಲೇ ಹೋಸ್ ಎಳೆದು ಲಿಫ್ಟಿಗೆ ಕೊಟ್ಟುಬಿಡುತ್ತಾರೆ. ಖಾಲಿ ಗಾಡಿಯಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ನೇಗಿಲು ಎತ್ತಿದ ದಿನ ಆ ಹಾದಿಯಲ್ಲಿ ಪೂರ್ತಿ ಒತ್ತಡ ಏರಿ, ಸ್ಪೂಲಿನ ತುದಿಯ ಸೀಲು ಹಾರಿ, ಡ್ರೈವರನ ಪ್ಯಾಂಟಿಗೆ ಆಯಿಲ್ ಅಭಿಷೇಕ.

ಎರಡನೇ ಜಾತಿ ಹಳೇ ಮ್ಯಾಸಿ. 1960ರಲ್ಲಿ ಶುರುವಾದ ಚೆನ್ನೈನ ಟಾಫೆ ಕಂಪನಿಯ 1035 ಈ ಬಳಗದ್ದು. ನನಗೆ ಅಚ್ಚುಮೆಚ್ಚಿನದೂ ಇದೇ, ಏಕೆಂದರೆ ಇದರ ಹೈಡ್ರಾಲಿಕ್ಕಿನ ಹಿಂದೆ ಹ್ಯಾರಿ ಫರ್ಗ್ಯುಸನ್ ಎಂಬ ಉತ್ತರ ಐರ್ಲೆಂಡಿನ ರೈತನ ಮಗನ ತಲೆಯಿದೆ. 1946ರಲ್ಲಿ ಬಂದ ಅವನ ಸಣ್ಣ ಬೂದು ಬಣ್ಣದ ಟ್ರಾಕ್ಟರಿನಲ್ಲೂ ಇದೇ ಏರ್ಪಾಡು. ಗೇರ್ ಪಂಪಿನ ಗಾಡಿಯಲ್ಲಿ ಪಂಪಿನಿಂದ ಹೊರಬಿದ್ದ ಆಯಿಲನ್ನು ವಾಲ್ವ್ ತಿರುಗಿಸಿ ಕಳಿಸಿದರೆ, ಇಲ್ಲಿ ವಾಲ್ವ್ ಕುಳಿತಿರುವುದು ಪಂಪು ಹೀರಿಕೊಳ್ಳುವ ಕಡೆ. ಲಿಫ್ಟಿಗೆ ಬೇಡವಾದಾಗ ಬಾಗಿಲು ಮುಚ್ಚುತ್ತದೆ. ನಾಲ್ಕು ಪಿಸ್ಟನ್ನಿನ ಪಂಪು ಆಯಿಲಿನಲ್ಲೇ ಮುಳುಗಿದ್ದರೂ ಏನೂ ಹೀರದೆ ಸುಮ್ಮನೆ ಆಡುತ್ತಿರುತ್ತದೆ.

ಹಾಗಾಗಿ ಇದಕ್ಕೆ ಓಪನ್ ಸೆಂಟರ್ ವಾಲ್ವ್ ಹಾಕಿ ಲಿವರ್ ಎಳೆದರೆ ಮೊದಲಿಗೆ ಏನೂ ಆಗುವುದಿಲ್ಲ; ಪಂಪು ಆಯಿಲ್ ಕೊಟ್ಟರೆ ತಾನೆ? ಕ್ವಾಡ್ರಂಟಿನ ಲಿವರನ್ನು ಕಾನ್‌ಸ್ಟಂಟ್ ಪಂಪಿಂಗ್ ಜಾಗಕ್ಕೆ ತಳ್ಳಿ ಹೊರಗಿನ ವಾಲ್ವಿಗೆ ಆಯಿಲ್ ಹರಿಸಬೇಕು, ಕೆಲಸ ಮುಗಿದ ಮೇಲೆ ಮರೆಯದೆ ಹಿಂದಕ್ಕೆ ತರಬೇಕು. ಇಷ್ಟೆಲ್ಲ ಯಾಕೆ? ಒಮ್ಮುಖದ ಜಾಕಿನ ಟ್ರೈಲರ್ ಮಾತ್ರ ಎತ್ತುವುದಾದರೆ ಹೊಸ ಸ್ಪೂಲ್ ವಾಲ್ವೇ ಬೇಡ ಎನ್ನುವವನು ನಾನು. ಆಯಿಲನ್ನು ಲಿಫ್ಟಿಗೋ ಟ್ರೈಲರಿಗೋ ಕಳಿಸುವ ಒಂದು ಸಣ್ಣ ಸೆಲೆಕ್ಟರ್ ವಾಲ್ವ್ ಸಾಕು, ಉಳಿದ ಕೆಲಸವನ್ನು ಗಾಡಿಯದೇ ಪೊಸಿಷನ್ ಲಿವರ್ ಮಾಡುತ್ತದೆ. ಸೆಲೆಕ್ಟರನ್ನೂ ಉಳಿಸಲು ಹೋಗಿ ನೇರ ಟಿ ಹಾಕಿದರೆ ಭಾರ ಕಡಿಮೆ ಇರುವ ಕಡೆಗೆ ಆಯಿಲ್ ನುಗ್ಗಿ, ಲಿಫ್ಟಿನ ತೋಳು ಮೊದಲು ಮೇಲೇಳುತ್ತದೆ. ಟ್ರೈಲರ್ ಕೂತಲ್ಲೇ ಇರುತ್ತದೆ.

ಮುಂದೆ ಬ್ಲೇಡ್ ಅಥವಾ ಲೋಡರ್ ಕಟ್ಟುವವರಿಗೆ ಮಾತ್ರ ಇಮ್ಮುಖದ ವಾಲ್ವ್ ಬೇಕು. ಬ್ಲೇಡಾದರೆ ನೆಲದ ಏರುತಗ್ಗಿಗೆ ತಾನೇ ಹೊಂದಿಕೊಳ್ಳುವ ಹಾಗೆ ಫ್ಲೋಟ್ ಇರಲಿ. ಕೈ ಬಿಟ್ಟೊಡನೆ ನಡುವಿಗೆ ಮರಳುವ ಸ್ಪ್ರಿಂಗಿನ ಲಿವರ್ ವಾಸಿ.

ದೊಡ್ಡ ವಾಲ್ವ್ ಹಾಕಿದರೆ ಜಾಕು ಬೇಗ ಏಳುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. 80 ಮಿ.ಮೀ. ವ್ಯಾಸದ, ಒಂದು ಮೀಟರ್ ಚಾಚುವ ಜಾಕಿಗೆ ಹಿಡಿಯುವುದು 5 ಲೀಟರ್. ಪಂಪು ನಿಮಿಷಕ್ಕೆ 15 ಲೀಟರ್ ಕೊಟ್ಟರೆ ಅದು ಏಳಲು 20 ಸೆಕೆಂಡ್. ವಾಲ್ವಿನ ಮೇಲೆ 40 ಎಂದು ಬರೆದಿರಲಿ, 80 ಎಂದಿರಲಿ, ಅದೇ 20 ಸೆಕೆಂಡ್. ಎತ್ತುವ ಶಕ್ತಿ ಒತ್ತಡದ್ದು: 150 ಬಾರ್ ಇದ್ದರೆ ಅದೇ ಜಾಕು ಏಳೂವರೆ ಟನ್ ತಳ್ಳುತ್ತದೆ. ಸಾಲದೆಂದು ರಿಲೀಫ್ ಸ್ಕ್ರೂ ಬಿಗಿಯುವ ಮೆಕ್ಯಾನಿಕ್ಕುಗಳ ಕೈಗೆ ಮೊದಲು ಒಂದು ಪ್ರೆಶರ್ ಗೇಜ್ ಕೊಡಿ.

ವಾಲ್ವಿನ ಆಯಸ್ಸಿನ ಮಾತು ಬಂದರೆ ನಮ್ಮೂರಿನ ವಿಷಯ ಬೇರೆಯೇ. ಮಳೆಗಾಲದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟು ತುಂಬಿ ಗೇಟು ಎತ್ತುವ ಹೊತ್ತಿಗೆ ಗದ್ದೆಗಳಲ್ಲಿ ಕೇಜ್ ವೀಲ್ ಹಾಕಿ ಕೆಸರು ಹೂಟಿ ನಡೆದಿರುತ್ತದೆ. ಸವೆದ ಸೀಲುಗಳ ಮೂಲಕ ನೀರು ಒಳಸೇರುತ್ತದೆ. ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್ ಬಳಸುವ ಗಾಡಿಯಲ್ಲಿ ಅದು ನೇರ ವಾಲ್ವಿಗೆ ಬರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹೊಸ ವಾಲ್ವನ್ನು ಡಬ್ಬದಲ್ಲೇ ಬಿಡಿ. ಮೊದಲು ಸೀಲು, ಆಯಿಲ್, ಫಿಲ್ಟರ್. ಸ್ಪೂಲಿಗೂ ಅದರ ತೂತಿಗೂ ನಡುವೆ ಇರುವ ಸಂದು ಮೈಕ್ರಾನುಗಳ ಲೆಕ್ಕದ್ದು. ನೀರಿನ ತುಕ್ಕು, ಕೆಸರಿನ ಕಣ ಅಲ್ಲಿ ಗೀರು ಹಾಕಿದರೆ ಎತ್ತಿದ ಟ್ರೈಲರ್ ತಾನಾಗಿ ಇಳಿಯತೊಡಗುತ್ತದೆ. ಹೊಸ ವಾಲ್ವಿದ್ದರೂ ಆಧಾರಕ್ಕೆ ಕಂಬ ಕೊಡದೆ ಅದರ ಕೆಳಗೆ ಯಾರೂ ನುಗ್ಗಬಾರದು.

ಗೀರು ಬಿದ್ದ ಸ್ಪೂಲನ್ನು ಲೇತಿನಲ್ಲಿ ಹೊಸದಾಗಿ ಮಾಡಿಸೋಣ ಎಂಬ ಆಸೆ ಇಲ್ಲಿಯವರಿಗೆ ಸಹಜ. ಭದ್ರಾವತಿಯಲ್ಲಿ ಕಬ್ಬಿಣ ಕರಗಲು ಶುರುವಾದದ್ದು 1923ರಲ್ಲಿ, ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ, ಕೈಗುಣ ಇರುವ ಟರ್ನರುಗಳಿಗೆ ಬರವಿಲ್ಲ. ನಿಪ್ಪಲ್, ಪಿನ್ನು, ವಾಲ್ವ್ ಕೂರಿಸುವ ಕ್ಲಾಂಪು ಎಲ್ಲ ಅವರ ಹತ್ತಿರವೇ ಮಾಡಿಸಿ. ಸ್ಪೂಲ್ ಮಾತ್ರ ಬೇಡ. ಅದನ್ನು ಆಯಾ ಬಾಡಿಯ ತೂತಿಗೆ ಹೊಂದುವಂತೆ ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬಿಡಿಯಾಗಿ ಬದಲಿಸಬಹುದಾದದ್ದು ಸೀಲ್ ಕಿಟ್. ವಾಲ್ವ್ ತಗೊಳ್ಳುವ ದಿನವೇ ಒಂದು ಕಿಟ್ಟನ್ನೂ ಬಿಲ್ಲಿಗೆ ಸೇರಿಸಿಬಿಡಿ.