ಕರಿಘಟ್ಟದ ಮಣ್ಣುಹಾದಿ

ಡಾಂಬರಿನ ಮೇಲೆ ಓಡುವಾಗ ಎಲ್ಲ ಹೆಜ್ಜೆಯೂ ಒಂದೇ. ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟ ಬೆಟ್ಟದಲ್ಲಿ ಸಡಿಲ ಕಲ್ಲು, ಬಂಡೆಯಂಚು, ಮುಳ್ಳುಪೊದೆ. ಪ್ರತಿ ಸಲವೂ ಪಾದವನ್ನು ನೋಡಿ ಊರಬೇಕು. ಮೀನಖಂಡ ಗಟ್ಟಿಯಾಗುವುದು, ಕಣಕಾಲು ಸಮತೋಲ ಕಲಿಯುವುದು ಇಂಥ ನೆಲದಲ್ಲೇ. ಏರಿನಲ್ಲಿ ಚಿಕ್ಕ ಹೆಜ್ಜೆ. ಇಳಿಜಾರಿನಲ್ಲಿ ಮಂಡಿ ತುಸು ಬಾಗಿರಲಿ, ಕಣ್ಣು ನಾಲ್ಕು ಹೆಜ್ಜೆ ಮುಂದಿರಲಿ. ಸುಮಾರು 450 ಮೆಟ್ಟಿಲುಗಳ ದಾರಿಯೂ ಇದೆ, ಆದರೆ ಓಟಕ್ಕೆ ಮಣ್ಣುಹಾದಿಯೇ ಮೇಲು. ತುದಿಯಲ್ಲಿ ಶ್ರೀನಿವಾಸನ ಗುಡಿ, ಕೆಳಗೆ ಕಾವೇರಿಯನ್ನು ಸೇರುವ ಲೋಕಪಾವನಿ, ಆಚೆ ದ್ವೀಪದ ಊರು ಶ್ರೀರಂಗಪಟ್ಟಣ: ಉಸಿರು ಸುಧಾರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿಲ್ಲ. ಪಾಂಡವಪುರದ ಕುಂತಿಬೆಟ್ಟ ಬರೀ ಬಂಡೆ. ಅದು ಹತ್ತುವವರ ಬೆಟ್ಟ, ಓಡುವವರದ್ದಲ್ಲ. ಬೇಸಿಗೆಯಲ್ಲಿ ಕರಿಘಟ್ಟದ ಒಣಹುಲ್ಲಿಗೆ ಒಂದು ಕಿಡಿ ಸಾಕು. ಬಿಸಿಲೇರುವ ಮೊದಲು, ಬೆಳಕು ಹರಿದೊಡನೆ ಬನ್ನಿ. ಬೆಂಕಿಪೊಟ್ಟಣ ತರಬೇಡಿ, ಖಾಲಿ ನೀರಿನ ಬಾಟಲಿ ಬಿಟ್ಟುಹೋಗಬೇಡಿ.