ನಂದಿದುರ್ಗದಿಂದ ನಾಗರಭಾವಿಗೆ ಎಷ್ಟು ದೂರ?

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲನ್ನು ಒಮ್ಮೆಯಾದರೂ ನೋಡಬೇಕು. ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆ ತಲುಪುವಷ್ಟರಲ್ಲಿ ಬೋಗಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಸೆಕ್ಯುರಿಟಿ ಕೆಲಸದವರು, ಕಚೇರಿ ಗುಮಾಸ್ತರು, ಕಾಲೇಜು ಹುಡುಗರು. ತಮಿಳು, ಉರ್ದು, ತೆಲುಗು, ಕನ್ನಡ ಒಂದೇ ಬೆಂಚಿನ ಮೇಲೆ ಕೂತು ಮಾತಾಡುತ್ತವೆ. ಒಂದು ಕಾಲದಲ್ಲಿ ಹೊರಗಿನವರಿಗೆ ಕೆಲಸ ಕೊಡುತ್ತಿದ್ದ ಊರು ಇಂದು ಕೆಲಸ ಹುಡುಕಿಕೊಂಡು ದಿನಾ ನೂರು ಕಿಲೋಮೀಟರ್ ಆಚೆಗೆ ಹೋಗಿ ಬರುತ್ತದೆ.

ಇಲ್ಲಿ ನಂದಿದುರ್ಗ ಎಂದರೆ ಚಿಕ್ಕಬಳ್ಳಾಪುರದ ಬೆಟ್ಟವಲ್ಲ. ಆ ಬೆಟ್ಟದ ಹೆಸರು ಹೊತ್ತ ಚಿನ್ನದ ಗಣಿ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ ಗಣಿಗಳ ಜೊತೆ ಕೋಲಾರ ಚಿನ್ನದ ಗಣಿಯ ನಾಲ್ಕು ಕಂಬಗಳಲ್ಲಿ ಅದೂ ಒಂದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವ ತನಕ ಇಲ್ಲಿನ ಜನ ನೆಲದಡಿಗೆ ಇಳಿದು ಚಿನ್ನ ತೆಗೆದರು. ಆಮೇಲೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬ, ಗಣಿ ಧೂಳು ಕುಡಿದ ಶ್ವಾಸಕೋಶ ಮತ್ತು ಕೋರ್ಟು ಕಚೇರಿಯ ಕಾಗದಗಳು. ಗಣಿ ಮುಚ್ಚಿದ್ದು ಸರಿಯೇ, ಬಾಕಿ ಎಷ್ಟು ಬರಬೇಕು, ಕೂತಿರುವ ಮನೆ ಯಾರದು ಎಂಬ ಪ್ರಶ್ನೆಗಳು ಹೈಕೋರ್ಟ್ ಹತ್ತಿದವು, ಸುಪ್ರೀಂ ಕೋರ್ಟ್ ಹತ್ತಿದವು.

ಅಂದಮೇಲೆ ವಕೀಲನ ಅಗತ್ಯವನ್ನು ಇಷ್ಟು ಚೆನ್ನಾಗಿ ಬಲ್ಲ ಊರು ಕರ್ನಾಟಕದಲ್ಲಿ ಇನ್ನೊಂದಿರಲಾರದು. ಹಾಗಿದ್ದರೆ ಈ ಊರಿನ ಮಗಳೊಬ್ಬಳು ವಕೀಲೆಯಾಗಲು ಎಷ್ಟು ಖರ್ಚಾಗುತ್ತದೆ? ಈ ಲೇಖನದ ಪ್ರಶ್ನೆ ಇಷ್ಟೇ.

ಹತ್ತಿರದ ಉತ್ತರ ಊರಲ್ಲೇ ಇದೆ. ಕೆಂಗಲ್ ಹನುಮಂತಯ್ಯನವರ ಹೆಸರಿನ ಕಾನೂನು ಕಾಲೇಜು ಕೆಜಿಎಫ್‌ನಲ್ಲಿದೆ. ವಿಧಾನಸೌಧ ಕಟ್ಟಿಸಿದ ಮುಖ್ಯಮಂತ್ರಿ ಎಂದು ನಾವು ನೆನೆಯುವ ಹನುಮಂತಯ್ಯನವರು ಸ್ವತಃ ವಕೀಲರು. ಅವರಿಗಿಂತ ಮೊದಲು ಮೈಸೂರಿನ ಪ್ರಥಮ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿ ಇದೇ ಸೀಮೆಯ ಕ್ಯಾಸಂಬಳ್ಳಿಯವರು. ಅವರೂ ಕಾನೂನು ಓದಿದವರೇ. ಸಾಧಾರಣ ಊರುಗಳ ಹುಡುಗರು ಕಾನೂನು ಓದಿ ನಾಡನ್ನು ಆಳುವ ಮಟ್ಟಕ್ಕೆ ಬಂದ ಕಾಲ ಅದು. ಇಂದಿಗೂ ಜಿಲ್ಲೆ, ತಾಲೂಕಿನ ಕಾಲೇಜುಗಳ ಶುಲ್ಕ ದೊಡ್ಡ ಶಾಲೆಗಳ ಶುಲ್ಕದ ಒಂದು ಸಣ್ಣ ಪಾಲು ಮಾತ್ರ. ನಮ್ಮ ತಾಲೂಕು ನ್ಯಾಯಾಲಯಗಳು ನಡೆಯುತ್ತಿರುವುದೇ ಇಂಥ ಕಾಲೇಜುಗಳಿಂದ ಬಂದವರಿಂದ. ಅವರನ್ನು ಕೀಳಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ.

ಆದರೆ ಕನಸುಗಳಿಗೂ ಒಂದು ಏಣಿ ಇದೆ. ಆ ಏಣಿಯ ತುದಿಯಲ್ಲಿ ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ನಿಂತಿದೆ. ಅದು ಹುಟ್ಟಿದ್ದು ಕರ್ನಾಟಕ ವಿಧಾನಮಂಡಲದ ಕಾಯ್ದೆಯಿಂದ, 1986ರಲ್ಲಿ. ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಪಾಠ ಆರಂಭವಾಯಿತು. ಕಾನೂನು ಶಿಕ್ಷಣ ಎಂದರೆ ಬೇರೆ ಏನೂ ಸಿಗದವರು ಸಂಜೆ ಹೊತ್ತು ಓದುವ ಪದವಿ ಎಂಬ ತಾತ್ಸಾರವನ್ನು ಮೆನನ್ ಒಡೆದರು. ವಕೀಲನೆಂದರೆ ಸಮಾಜಕ್ಕೆ ನ್ಯಾಯ ಒದಗಿಸುವವನು, ಕಾನೂನು ನೆರವು ಅವನ ಪಠ್ಯದ ಭಾಗ ಎಂಬುದು ಅವರ ನಿಲುವಾಗಿತ್ತು. ಆ ಮಾದರಿ ದೇಶವೆಲ್ಲ ಹಬ್ಬಿತು. ಇಂದು ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿವೆ.

ಗುಣಮಟ್ಟದ ಕನಸು ನನಸಾಯಿತು. ನ್ಯಾಯದ ಕನಸಿಗೆ ಏನಾಯಿತು?

ಲೆಕ್ಕ ಹಾಕಿ ನೋಡೋಣ. ಪ್ರವೇಶ ಪರೀಕ್ಷೆಯಾದ ಕ್ಲಾಟ್‌ಗೆ ಅರ್ಜಿ ಹಾಕಲೇ ಸಾಮಾನ್ಯ ವರ್ಗದವರಿಗೆ 4,000 ರೂಪಾಯಿ. ಪರಿಶಿಷ್ಟರಿಗೂ ಬಡತನ ರೇಖೆಗಿಂತ ಕೆಳಗಿನವರಿಗೂ ಸಿಗುವ ರಿಯಾಯಿತಿ ಐನೂರು ಮಾತ್ರ, ಅವರು 3,500 ಕೊಡಬೇಕು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಕೋಚಿಂಗಿಗೆ ಬೇರೆ ಹಣ. ಇದೆಲ್ಲ ದಾಟಿದರೆ, ರಾಷ್ಟ್ರೀಯ ಶಾಲೆಗಳಲ್ಲಿ ಶುಲ್ಕ, ಹಾಸ್ಟೆಲು, ಊಟ ಸೇರಿ ವರ್ಷಕ್ಕೆ ಸಾಮಾನ್ಯವಾಗಿ ಎರಡೂವರೆ ಲಕ್ಷದಿಂದ ನಾಲ್ಕು ಲಕ್ಷದ ಆಸುಪಾಸು. ನಡುವೆ ಮೂರು ಲಕ್ಷ ಎಂದೇ ಹಿಡಿಯೋಣ. ಐದು ವರ್ಷಕ್ಕೆ ಹದಿನೈದು ಲಕ್ಷ.

ಈಗ ಬಂಗಾರಪೇಟೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಪ್ಪ ಶಾಲಾ ಮೇಷ್ಟ್ರು, ಅಮ್ಮ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ಇಬ್ಬರದೂ ಸೇರಿ ತಿಂಗಳಿಗೆ 45,000 ರೂಪಾಯಿ, ವರ್ಷಕ್ಕೆ 5,40,000. ಇವರು ಬಡವರಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆಂದು ಕೇಂದ್ರ ಸರ್ಕಾರ 2007ರಲ್ಲಿ ತಂದ ವೃತ್ತಿ ಶಿಕ್ಷಣದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯದ ಮಿತಿ ಎರಡೂವರೆ ಲಕ್ಷವಿತ್ತು. ಇವರು ಅದರ ಹೊರಗೆ. ಒಳಗಿದ್ದವರಿಗಾದರೂ ಆಯ್ದ ಕೆಲವು ಸಂಸ್ಥೆಗಳನ್ನು ಬಿಟ್ಟರೆ ಸಿಗುತ್ತಿದ್ದ ಬೋಧನಾ ಶುಲ್ಕ ವರ್ಷಕ್ಕೆ 20,000 ಮಾತ್ರ. ಬಡವನೆಂದು ಕೈಚಾಚುವ ಹಾಗಿಲ್ಲ, ಶ್ರೀಮಂತನೆಂದು ಚೆಕ್ ಬರೆಯುವ ಹಾಗಿಲ್ಲ. ಮಧ್ಯಮ ವರ್ಗ ಎಂಬ ಮಾತಿಗೆ ಇದಕ್ಕಿಂತ ಸರಿಯಾದ ವ್ಯಾಖ್ಯಾನ ಬೇಕೆ? ಎರಡನೆಯ ಮಗುವೂ ಕಾಲೇಜಿಗೆ ಬಂದಿದ್ದರಂತೂ ಆ ಮನೆಯಲ್ಲಿ ಯಾರ ಓದು ನಿಲ್ಲಬೇಕು ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚಿನ ಮನೆಗಳಲ್ಲಿ ನಿಲ್ಲುವುದು ಮಗಳ ಓದೇ.

ಸಾಲ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆ, ಎಂಟು ಲಕ್ಷದವರೆಗೆ ಆದಾಯವಿರುವ ಕುಟುಂಬಗಳ ಮಕ್ಕಳಿಗೆ ಹತ್ತು ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿ ಕೊಡುತ್ತದೆ. ಅದೂ ಆಯ್ದ ಸಂಸ್ಥೆಗಳಲ್ಲಿ ಸೀಟು ಸಿಕ್ಕವರಿಗೆ, ಓದು ಮತ್ತು ಅದರ ನಂತರದ ಒಂದು ವರ್ಷದ ಮಟ್ಟಿಗೆ. ಒಳ್ಳೆಯದೇ. ಆದರೂ ಹದಿನೈದು ಲಕ್ಷದ ಸಾಲವನ್ನು ಶೇಕಡಾ 10ರ ಬಡ್ಡಿಯಲ್ಲಿ ಹತ್ತು ವರ್ಷ ತೀರಿಸುವುದೆಂದರೆ ತಿಂಗಳಿಗೆ ಸುಮಾರು 20,000 ರೂಪಾಯಿ ಕಂತು. ಓದುವ ಐದು ವರ್ಷದಲ್ಲಿ ಬೆಳೆದ ಬಡ್ಡಿ ಬೇರೆ. ಬಡ್ಡಿಯನ್ನು ನಿಷಿದ್ಧವೆಂದು ನಂಬುವ ಮುಸ್ಲಿಂ ಕುಟುಂಬಗಳಿಗೆ ಇದು ಲೆಕ್ಕದ ಕಷ್ಟದ ಜೊತೆಗೆ ಮನಸ್ಸಿನ ಸಂಕಟವೂ ಹೌದು. ಎಷ್ಟೋ ಮಕ್ಕಳು ಪ್ರವೇಶ ಪರೀಕ್ಷೆಯ ಅರ್ಜಿಯನ್ನೇ ತುಂಬದಿರುವುದಕ್ಕೆ ಇದೂ ಒಂದು ಕಾರಣ.

ಈ ಇಪ್ಪತ್ತು ಸಾವಿರದ ಪಕ್ಕದಲ್ಲಿ ಇನ್ನೊಂದು ಸಂಖ್ಯೆಯನ್ನು ಇಡೋಣ. ಕಿರಿಯ ವಕೀಲರಿಗೆ ಹಿರಿಯರು ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮಾಂತರದಲ್ಲಿ 15,000 ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸೂಚಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ಅಂದರೆ ರಾಷ್ಟ್ರೀಯ ಶಾಲೆಯಲ್ಲಿ ಸಾಲ ಮಾಡಿ ಓದಿದ ಹುಡುಗಿ ಬಂಗಾರಪೇಟೆಯ ಕೋರ್ಟಿಗೆ ಮರಳಿ ಬಂದರೆ, ಆ ಶಿಫಾರಸನ್ನು ಅಕ್ಷರಶಃ ಪಾಲಿಸುವ ಉದಾರಿ ಹಿರಿಯರೇ ಸಿಕ್ಕರೂ, ಅವಳ ಸಂಪಾದನೆ ಬ್ಯಾಂಕಿನ ಕಂತಿಗೇ ಸಾಲದು.

ಹಾಗಾಗಿ ಅವಳು ಬರುವುದಿಲ್ಲ. ಮುಂಬೈಗೋ ದೆಹಲಿಗೋ ಹೋಗಿ ಕಂಪನಿಗಳ ಒಪ್ಪಂದ ಬರೆಯುತ್ತಾಳೆ. ಅದನ್ನು ತಪ್ಪೆನ್ನಲಾಗದು, ಸಾಲ ತೀರಿಸಬೇಕಲ್ಲ! ಆದರೆ ಗಮನಿಸಿ. ಅವಳ ಕಕ್ಷಿದಾರ ಯಾರೆಂಬುದನ್ನು ತೀರ್ಮಾನಿಸಿದ್ದು ಅವಳ ಮನಸ್ಸಲ್ಲ, ಶುಲ್ಕದ ರಸೀದಿ. ಗಣಿ ಕಾರ್ಮಿಕನ ಮೊಮ್ಮಗಳು ಕಾನೂನು ಓದಿದಳು, ಆದರೆ ಗಣಿ ಕಾರ್ಮಿಕನಿಗೆ ವಕೀಲೆ ಸಿಗಲಿಲ್ಲ. ದುಬಾರಿ ಶುಲ್ಕದ ನಿಜವಾದ ನಷ್ಟ ಇದು. ವಿದ್ಯಾರ್ಥಿಗೆ ಆಗುವ ಅನ್ಯಾಯದ ಬಗ್ಗೆ ನಾವು ಮಾತಾಡುತ್ತೇವೆ. ನ್ಯಾಯ ಕೇಳಿ ಬಂದವನಿಗೆ ಆಗುವ ಅನ್ಯಾಯವನ್ನು ಮರೆಯುತ್ತೇವೆ.

ಇದಕ್ಕೆ ವಿರುದ್ಧವಾದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಒಳ್ಳೆಯ ಅಧ್ಯಾಪಕರು, ಗ್ರಂಥಾಲಯ, ವಸತಿ ಎಲ್ಲಕ್ಕೂ ಹಣ ಬೇಕು. ರಾಜ್ಯದ ಕಾಯ್ದೆಯಿಂದ ಹುಟ್ಟಿದರೂ ಈ ಸಂಸ್ಥೆಗಳು ಖರ್ಚಿನ ದೊಡ್ಡ ಪಾಲನ್ನು ಶುಲ್ಕದಿಂದಲೇ ಎತ್ತಬೇಕು. ನಾಗರಭಾವಿಯ ಶಾಲೆ ಅಗತ್ಯವಿದ್ದವರಿಗೆ ನೆರವು ಕೊಡುತ್ತದೆ, ಸೀಟುಗಳನ್ನೂ ಹೆಚ್ಚಿಸಿದೆ. ಕನ್ನಡ ನಾಡಿನ ವಿದ್ಯಾರ್ಥಿಗಳಿಗೆ ಶೇಕಡಾ 25 ಸೀಟು ಎಂದು ವಿಧಾನಮಂಡಲ 2020ರಲ್ಲಿ ಮಾಡಿದ ತಿದ್ದುಪಡಿಯನ್ನು ಹೈಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಆಮೇಲೆ ಶಾಲೆಯೇ ತನ್ನ ಯೋಜನೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಅಷ್ಟೇ ಪ್ರಮಾಣ ಕೊಟ್ಟಿತು. ಇವೆಲ್ಲ ಮೆಚ್ಚಬೇಕಾದ್ದೇ.

ಆದರೆ ಸೀಟು ಮೀಸಲಿಟ್ಟು ಶುಲ್ಕವನ್ನು ಹಾಗೇ ಬಿಟ್ಟರೆ, ಆ ಸೀಟಿನಲ್ಲಿ ಕೂರುವವರು ಬೆಂಗಳೂರಿನ ದುಬಾರಿ ಶಾಲೆಗಳ ಮಕ್ಕಳೇ ಆಗಿರುವ ಸಾಧ್ಯತೆ ಹೆಚ್ಚು. ಕರ್ನಾಟಕದಲ್ಲಿ ಹತ್ತು ವರ್ಷ ಓದಿರಬೇಕು ಎಂಬ ನಿಯಮ ಬಂಗಾರಪೇಟೆಯ ಸರ್ಕಾರಿ ಶಾಲೆಯನ್ನೂ ರಾಜಧಾನಿಯ ಅಂತರರಾಷ್ಟ್ರೀಯ ಶಾಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಇನ್ನು ನೆರವು ಎಂಬುದು ಒಳಗೆ ಬಂದವರಿಗೆ. ಶುಲ್ಕದ ಪಟ್ಟಿ ನೋಡಿಯೇ ಹೊರಗಿನಿಂದ ಹೊರಗೇ ಹೋದವರ ಲೆಕ್ಕ ಯಾವ ದಾಖಲೆಯಲ್ಲೂ ಬರುವುದಿಲ್ಲ.

ನ್ಯಾಯಾಲಯಗಳು ಏನು ಹೇಳಿವೆ? ಇದರಲ್ಲಿ ಕರ್ನಾಟಕದ ಪಾಲು ದೊಡ್ಡದು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಬಯಸಿದ್ದ ಮೀರತ್‌ನ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ್ದೇ. ಸರ್ಕಾರಿ ಸೀಟಿಗೆ 2,000, ರಾಜ್ಯದವರಿಗೆ 25,000, ಹೊರಗಿನವರಿಗೆ 60,000 ಎಂಬ ಅಂದಿನ ದರಪಟ್ಟಿಯನ್ನು ನೋಡಿ, ಕ್ಯಾಪಿಟೇಶನ್ ಶುಲ್ಕವೆಂದರೆ ಶಿಕ್ಷಣದ ಮಾರಾಟ ಎಂದು ಸುಪ್ರೀಂ ಕೋರ್ಟ್ 1992ರ ಜುಲೈ 30ರಂದು ತೀರ್ಪಿತ್ತಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಆ ಹಕ್ಕು ಹದಿನಾಲ್ಕು ವರ್ಷದವರೆಗೆ ಎಂದಾಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣ, 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ ಪ್ರಕರಣ ಬಂದವು. ಎರಡೂ ಕರ್ನಾಟಕದವೇ. ಖಾಸಗಿಯವರು ಶುಲ್ಕ ನಿಗದಿ ಮಾಡಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು ಎಂಬುದು ಅಂತಿಮ ನಿಲುವಾಯಿತು. ಲಾಭ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಪೋಷಕರು ಇಂದಿಗೂ ಹುಡುಕುತ್ತಿದ್ದಾರೆ.

ಮೋಹಿನಿ ಜೈನ್ ತೀರ್ಪಿಗೆ ಸರಿಯಾಗಿ ಮೂವತ್ತೆರಡು ವರ್ಷವಾದ ದಿನ, 2024ರ ಜುಲೈ 30ರಂದು, ಇನ್ನೊಂದು ಬಾಗಿಲು ತೆರೆಯಿತು. ಓದು ಮುಗಿಸಿ ಸನ್ನದು ಪಡೆಯಲು ರಾಜ್ಯ ವಕೀಲರ ಪರಿಷತ್ತುಗಳು ಹದಿನೈದು ಸಾವಿರದಿಂದ ನಲವತ್ತೆರಡು ಸಾವಿರದವರೆಗೆ ಪಡೆಯುತ್ತಿದ್ದವು. 1961ರ ವಕೀಲರ ಕಾಯ್ದೆ ಹೇಳುವುದು ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ ಮಾತ್ರ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಐಚ್ಛಿಕ ಎಂಬ ಹೆಸರಿನಲ್ಲೂ ವಸೂಲಿ ಸಲ್ಲದೆಂದು 2025ರ ಆಗಸ್ಟ್‌ನಲ್ಲಿ ಮತ್ತೆ ಹೇಳಬೇಕಾಯಿತು. ಆ ಪ್ರಕರಣವೂ ಕರ್ನಾಟಕದಿಂದಲೇ ಹೋದದ್ದು. ವೃತ್ತಿಯ ಹೊಸ್ತಿಲಲ್ಲಿ ಹಣದ ತಡೆಗೋಡೆ ಸಮಾನತೆಗೆ ವಿರುದ್ಧ ಎಂಬ ಮಾತು ನಿಜವಾದರೆ, ಓದಿನ ಹೊಸ್ತಿಲಲ್ಲಿ ಅದರ ಹತ್ತಾರು ಪಟ್ಟು ಎತ್ತರದ ಗೋಡೆ ಹೇಗೆ ಸರಿಯಾದೀತು?

ಇಲ್ಲಿ ಇಬ್ಬರನ್ನು ನೆನೆಯಬೇಕು. 1954ರಲ್ಲಿ ಕೆಜಿಎಫ್‌ಗೆ ಬಂದಿದ್ದ ಡಾ. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾಕ್ಕೆ ಹೋಗಿದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ಒಬ್ಬನ ಶುಲ್ಕವನ್ನು ಯಾರೋ ಕಟ್ಟಿದ್ದಕ್ಕೆ ದೇಶಕ್ಕೆ ದಕ್ಕಿದ ಪ್ರತಿಫಲವನ್ನು ಯಾವ ಲೆಕ್ಕಪರಿಶೋಧಕ ತೂಗಬಲ್ಲ? ಇನ್ನೊಬ್ಬರು ಶಮ್ನಾದ್ ಬಷೀರ್. ನಾಗರಭಾವಿಯ ಶಾಲೆಯಲ್ಲೇ ಓದಿದ ಅವರು, ಈ ಶಾಲೆಗಳಲ್ಲಿ ಹಳ್ಳಿಯ, ಬಡವರ, ಅಂಗವಿಕಲರ ಮಕ್ಕಳು ಏಕೆ ಕಾಣುವುದಿಲ್ಲ ಎಂದು ಕೇಳಿಕೊಂಡು 2010ರಲ್ಲಿ ಐಡಿಯಾ ಎಂಬ ಸಂಸ್ಥೆ ಕಟ್ಟಿದರು. ಮಕ್ಕಳನ್ನು ಹುಡುಕಿ, ತರಬೇತಿ ಕೊಟ್ಟು, ಶುಲ್ಕಕ್ಕೂ ದಾರಿ ಮಾಡುವ ಕೆಲಸ. 2019ರ ಆಗಸ್ಟ್‌ನಲ್ಲಿ ನಮ್ಮ ಬಾಬಾಬುಡನ್‌ಗಿರಿಯ ಹಾದಿಯಲ್ಲಿ ಅವರು ತೀರಿಕೊಂಡಾಗ ವಯಸ್ಸು 43.

ಕೊನೆಗೆ ನಮ್ಮ ಅಂಗಳವನ್ನೂ ಗುಡಿಸಿಕೊಳ್ಳಬೇಕು. ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕಿಗಾಗಿ ನಾವು ಸುಪ್ರೀಂ ಕೋರ್ಟಿನ ತನಕ ಹೋದೆವು. ಆ ಹಕ್ಕನ್ನು ಯಾವುದಕ್ಕೆ ಬಳಸಿದೆವು? ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ಮೇಲಿನ ಮೋಹದಲ್ಲಿ ಕಾನೂನು ಶಿಕ್ಷಣ ಹಿಂದೆ ಬಿತ್ತು. ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆ ಕಾನೂನು ಕಾಲೇಜು ನಡೆಸುತ್ತ ಬಂದಿರುವುದು ಗೌರವದ ಸಂಗತಿ. ಆದರೆ ಮದುವೆ ಮಂಟಪಕ್ಕೆ ಒಂದೇ ರಾತ್ರಿ ಲಕ್ಷಗಟ್ಟಲೆ ಸುರಿಯುವ ಸಮುದಾಯದಲ್ಲಿ, ವರ್ಷಕ್ಕೆ ಇಬ್ಬರು ಕಾನೂನು ವಿದ್ಯಾರ್ಥಿಗಳಿಗೆ ಬಡ್ಡಿಯಿಲ್ಲದ ಸಾಲ ಕೊಡುವ ಜಮಾಅತ್‌ಗಳು ಎಷ್ಟಿವೆ? ಮಗ ಡಾಕ್ಟರಾಗಲಿ ಎಂದು ಹೊಲ ಮಾರುವ ತಂದೆ, ಮಗಳು ವಕೀಲೆಯಾಗುತ್ತೇನೆಂದರೆ ಕೋರ್ಟು ಕಚೇರಿ ನಮಗೇಕೆ ಎನ್ನುತ್ತಾನೆ. ಪೊಲೀಸ್ ಠಾಣೆಯಿಂದ ಕರೆ ಬಂದ ದಿನ ವಕೀಲನನ್ನು ಹುಡುಕಿ ಓಡುವವನೂ ಅವನೇ.

ಮಾಡಬೇಕಾದ್ದು ಅಸಾಧ್ಯವೇನಲ್ಲ. ಶುಲ್ಕವನ್ನು ಕುಟುಂಬದ ಆದಾಯಕ್ಕೆ ಹೊಂದಿಸಿ ನಿಗದಿ ಮಾಡಲಿ, ಪೂರ್ತಿ ಕಟ್ಟಬಲ್ಲವರು ಪೂರ್ತಿ ಕಟ್ಟಲಿ. ತಾಲೂಕು ನ್ಯಾಯಾಲಯದಲ್ಲಿ ಕೆಲವು ವರ್ಷ ವಕೀಲಿಕೆ ಮಾಡುವವರ ಸಾಲವನ್ನು ಸರ್ಕಾರ ತೀರಿಸಲಿ. ಅರ್ಜಿ ಶುಲ್ಕ ನಾಲ್ಕಂಕಿಯಿಂದ ಮೂರಂಕಿಗೆ ಇಳಿಯಲಿ. ಜಿಲ್ಲಾ ಕಾಲೇಜುಗಳಿಗೆ ಒಳ್ಳೆಯ ಗ್ರಂಥಾಲಯ, ಪೂರ್ಣಾವಧಿ ಅಧ್ಯಾಪಕರು ಸಿಗಲಿ. ಆಗ ಎಲ್ಲರೂ ನಾಗರಭಾವಿಗೇ ಹೋಗಬೇಕಾದ ಅಗತ್ಯವೂ ಇರುವುದಿಲ್ಲ.

ನಂದಿದುರ್ಗದ ಗಣಿಯೊಳಕ್ಕೆ ಇಳಿದವರು ತೆಗೆದ ಚಿನ್ನ ಅವರ ಮನೆಗೆ ಬರಲಿಲ್ಲ. ಈಗ ಅವರ ಮೊಮ್ಮಕ್ಕಳಿಗೆ ಕಾನೂನೂ ಹಾಗೆಯೇ ಆಗಬೇಕೆ? ರೈಲು ದಿನಾ ಹೋಗುತ್ತದೆ, ಎರಡೂವರೆ ಮೂರು ಗಂಟೆಯ ದಾರಿ. ನಂದಿದುರ್ಗಕ್ಕೂ ನಾಗರಭಾವಿಗೂ ನಡುವಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಅಷ್ಟೇ. ರೂಪಾಯಿಯಲ್ಲಿ ಅಳೆಯುವುದನ್ನು ನಾವು ಯಾವಾಗ ನಿಲ್ಲಿಸುತ್ತೇವೆ?